ನಾಯ್ಸ್ ಅಳೆದು ಕ್ವಾಂಟಮ್ ಹಾಲ್ ಸ್ಥಿತಿಯ ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ನಾನು ಭೌತಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿ. 5/2 ಎಂಬ ಕ್ವಾಂಟಮ್ ಹಾಲ್ ಸ್ಥಿತಿ ಯಾವ ಬಗೆಯದು ಅನ್ನುವುದನ್ನು ನಾಯ್ಸ್ ಅಳೆದು ಕಂಡುಕೊಂಡರು ಎಂದು ಓದಿದೆ. ಲ್ಯಾಬ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದು ನಾಯ್ಸ್ ಕಡಿಮೆ ಮಾಡಿ ಅಂತ. ಹಾಲ್ ರೋಧವನ್ನೇ ಅಷ್ಟು ನಿಖರವಾಗಿ ಅಳೆಯಬಹುದಾದರೆ ನಾಯ್ಸ್ ಯಾಕೆ ಬೇಕು? ಅದರಿಂದ ಗುರುತು ನಿಜಕ್ಕೂ ಸಿಗುತ್ತಾ?

ಉತ್ತರ: ಮನೆಯೊಳಗೆ ಕೂತಿದ್ದೀರಿ, ಹೊರಗೆ ಟಿಪ್ಪರ್ ಲಾರಿಯೊಂದು ಲೋಡ್ ಇಳಿಸುತ್ತಿದೆ. ಕಣ್ಣಿಗೆ ಏನೂ ಕಾಣುತ್ತಿಲ್ಲ. ಆದರೂ ಇಳಿಯುತ್ತಿರುವುದು ಮರಳೋ ಜಲ್ಲಿಯೋ ಅಂತ ಸದ್ದಿನಲ್ಲೇ ಗೊತ್ತಾಗುತ್ತದೆ, ಅಲ್ವಾ? ತೂಕ ಎರಡರದ್ದೂ ಒಂದೇ ಇರಬಹುದು. ತೂಕದ ಚೀಟಿ ನೋಡಿದರೆ ಎಷ್ಟು ಬಂತು ಅಂತ ತಿಳಿಯುತ್ತದೆ, ಎಂಥ ತುಣುಕುಗಳಾಗಿ ಬಂತು ಅಂತ ತಿಳಿಯುವುದಿಲ್ಲ.

ಕರೆಂಟ್ ಅಂದರೆ ಆ ಚೀಟಿ. ಕರೆಂಟ್‌ನ ಸಣ್ಣ ಸಣ್ಣ ಏರಿಳಿತ, ಅಂದರೆ ನಾಯ್ಸ್, ಆ ಸದ್ದು. ಹಾಲ್ ರೋಧವೂ (ಕರೆಂಟ್‌ಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದ್ದು) ಚೀಟಿಯ ಜಾತಿಗೇ ಸೇರಿದ್ದು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡದ್ದು ಅದರ ನಿಖರತೆಯನ್ನೇ: ತೆಳು ಪದರದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳನ್ನು ತುಂಬಾ ತಣ್ಣಗೆ ಮಾಡಿ ಜೋರು ಕಾಂತಕ್ಷೇತ್ರ ಹಾಕಿದರೆ ಹಾಲ್ ರೋಧ 25,812.8 ಓಮ್ ಅನ್ನು ಪೂರ್ಣಾಂಕದಿಂದ ಭಾಗಿಸಿದ ಬೆಲೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ. 1982ರಲ್ಲಿ ಡೇನಿಯಲ್ ತ್ಸುಯಿ, ಹಾರ್ಸ್ಟ್ ಸ್ಟಾರ್ಮರ್ ಮತ್ತು ಆರ್ಥರ್ ಗೊಸಾರ್ಡ್ 1/3ರ ಮೆಟ್ಟಿಲು ಕಂಡರು, ಅಂದರೆ ಭಾಗಿಸುವ ಪೂರ್ಣಾಂಕದ ಜಾಗದಲ್ಲಿ 1/3 ಎಂಬ ಭಿನ್ನಾಂಕ. ಮರುವರ್ಷವೇ ರಾಬರ್ಟ್ ಲಾಫ್ಲಿನ್ ವಿವರಣೆ ಕೊಟ್ಟರು: ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಹೊಂದಿಕೊಂಡು ಹೊಸ ಬಗೆಯ ದ್ರವವಾಗುತ್ತವೆ, ಅದರಲ್ಲಿ ಏಳುವ ಅಲೆದಾಟಗಳು e/3 ಚಾರ್ಜ್ (e ಅಂದರೆ ಒಂದು ಎಲೆಕ್ಟ್ರಾನಿನ ಚಾರ್ಜ್) ಹೊತ್ತ ಕಣಗಳಂತೆ ನಡೆದುಕೊಳ್ಳುತ್ತವೆ. ಇವನ್ನೇ ಕ್ವಾಸಿಪಾರ್ಟಿಕಲ್ ಅನ್ನುವುದು, ನಾನು ತುಣುಕು ಅನ್ನುತ್ತೇನೆ.

ನಿಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲಿ. ಮೆಟ್ಟಿಲಿನ ಎತ್ತರ 1/3 ಎಂದು ಬಂದ ಮಾತ್ರಕ್ಕೆ ತುಣುಕಿನ ಚಾರ್ಜ್ e/3 ಅಂತ ಸಾಬೀತಾಗುವುದಿಲ್ಲ. 2/5ರ ಮೆಟ್ಟಿಲಿನಲ್ಲಿ ತುಣುಕಿನ ಚಾರ್ಜ್ e/5. 5/2ರಲ್ಲಿ e/4. ಎತ್ತರವನ್ನು ಹತ್ತು ದಶಮಾಂಶ ಸ್ಥಾನದವರೆಗೆ ಅಳೆದರೂ ಒಳಗಿನ ತುಣುಕು ಕೈಗೆ ಸಿಗುವುದಿಲ್ಲ. ಸದ್ದು ಕೇಳಲೇಬೇಕು.

ಕೇಳುವ ಬಗೆ ಹೀಗೆ. ಈ ಸ್ಥಿತಿಗಳಲ್ಲಿ ಕರೆಂಟ್ ಹರಿಯುವುದು ಮಾದರಿಯ (ಸ್ಯಾಂಪಲ್‌ನ) ಅಂಚಿನಲ್ಲಿ, ಒಂದೇ ದಿಕ್ಕಿನಲ್ಲಿ. ಮೇಲಿನಂಚಿನಲ್ಲಿ ಬಲಕ್ಕೆ ಹರಿದರೆ ಕೆಳಗಿನಂಚಿನಲ್ಲಿ ಎಡಕ್ಕೆ. ನಡುವೆ ಎರಡು ಲೋಹದ ಗೇಟ್‌ಗಳನ್ನಿಟ್ಟು ವೋಲ್ಟೇಜ್ ಕೊಟ್ಟರೆ ಎರಡೂ ಅಂಚುಗಳು ಹತ್ತಿರಕ್ಕೆ ಬರುತ್ತವೆ. ಈ ಇಕ್ಕಟ್ಟಿಗೆ ಪಾಯಿಂಟ್ ಕಾಂಟ್ಯಾಕ್ಟ್ ಎಂದು ಹೆಸರು. ಅಲ್ಲಿ ಆಗೊಂದು ಈಗೊಂದು ತುಣುಕು ಈ ಅಂಚಿನಿಂದ ಆ ಅಂಚಿಗೆ ಹಾರುತ್ತದೆ. ಯಾವಾಗ ಹಾರುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹೀಗೆ ಬಿಡಿಬಿಡಿಯಾಗಿ ಹಾರಿದರೆ ಹುಟ್ಟುವುದೇ ಶಾಟ್ ನಾಯ್ಸ್. ವಾಲ್ಟರ್ ಶಾಟ್‌ಕಿ 1918ರಲ್ಲೇ ವ್ಯಾಕ್ಯೂಮ್ ಟ್ಯೂಬ್‌ಗಳಿಗೆ ಇದರ ಲೆಕ್ಕ ಹಾಕಿದ್ದರು: ಒಂದು ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸಿಗುವ ನಾಯ್ಸ್ ಅಂದರೆ ತುಣುಕಿನ ಚಾರ್ಜ್ ಮತ್ತು ಹಾರಿದ ಕರೆಂಟ್‌ಗಳ ಗುಣಲಬ್ಧದ ಎರಡರಷ್ಟು. ಕರೆಂಟ್ ಗೊತ್ತು, ನಾಯ್ಸ್ ಅಳೆದಿರಿ, ಭಾಗಿಸಿದರೆ ಚಾರ್ಜ್ ಸಿಕ್ಕಿತು. 1994ರಲ್ಲಿ ಚಾರ್ಲ್ಸ್ ಕೇನ್ ಮತ್ತು ಮ್ಯಾಥ್ಯೂ ಫಿಶರ್ ಇದೇ ಉಪಾಯವನ್ನು ಭಿನ್ನಾಂಕದ ಹಾಲ್ ಸ್ಥಿತಿಗೆ ಹಾಕಬಹುದು ಎಂದರು. 1997ರಲ್ಲಿ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ e/3 ಅಳೆದುಬಿಟ್ಟವು. ಒಂದು ಫ್ರಾನ್ಸಿನ ಸಕ್ಲೇಯದ್ದು, ಇನ್ನೊಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೋಟಿ ಹೈಬ್ಲಮ್ ಅವರ ತಂಡ.

ಕೇಳಲು ಸುಲಭ. ಅಂಕಿಗಳನ್ನು ನೋಡಿದರೆ ಕಷ್ಟ ಗೊತ್ತಾಗುತ್ತದೆ. ಹಾರಿದ ಕರೆಂಟ್ 100 ಪಿಕೋಆಂಪಿಯರ್, ಚಾರ್ಜ್ e/3 ಎಂದಿಟ್ಟುಕೊಳ್ಳಿ. ಶಾಟ್ ನಾಯ್ಸ್ ಸುಮಾರು 1.1 × 10⁻²⁹ ಆಂಪಿಯರ್‌ವರ್ಗ ಪ್ರತಿ ಹರ್ಟ್ಸ್. ಅದೇ 1/3ರ ಮೆಟ್ಟಿಲಿನಲ್ಲಿ, 20 ಮಿಲಿಕೆಲ್ವಿನ್‌ನಲ್ಲಿ, ಕರೆಂಟೇ ಹರಿಯದಿದ್ದಾಗಲೂ ಇರುವ ಥರ್ಮಲ್ ನಾಯ್ಸ್ ಸುಮಾರು 1.4 × 10⁻²⁹. ಅಂದರೆ ಪರಮ ಶೂನ್ಯಕ್ಕಿಂತ ಒಂದಿಷ್ಟೇ ಮೇಲಿನ ತಾಪಮಾನದಲ್ಲೂ ಬಿಸಿಯ ಸದ್ದು ನಮಗೆ ಬೇಕಾದ ಸದ್ದಿಗಿಂತ ಜಾಸ್ತಿ. ಇದಕ್ಕೆ ಆಂಪ್ಲಿಫೈಯರ್‌ನ ಸ್ವಂತ ಸದ್ದು ಬೇರೆ ಸೇರುತ್ತದೆ. ಹಾಗಾಗಿ ಮೊದಲ ಆಂಪ್ಲಿಫೈಯರನ್ನು ಮಾದರಿಯನ್ನು ತಣ್ಣಗಿಡುವ ಫ್ರಿಜ್‌ನ ಒಳಗೇ, 4 ಕೆಲ್ವಿನ್ ತಟ್ಟೆಯ ಮೇಲೆ ಕೂರಿಸುತ್ತಾರೆ. ಕೆಳಗಿನ ಆವರ್ತನಗಳಲ್ಲಿ ಎಲ್ಲ ಉಪಕರಣಗಳೂ ಗೊರಗೊರ ಅನ್ನುವುದರಿಂದ, ಕಾಯಿಲ್ ಮತ್ತು ಕೆಪಾಸಿಟರ್ ಸೇರಿಸಿ ಸುಮಾರು ಒಂದು ಮೆಗಾಹರ್ಟ್ಸ್ ಹತ್ತಿರ ಶ್ರುತಿ ಮಾಡಿದ ಸರ್ಕ್ಯೂಟ್‌ನಲ್ಲಿ ಕೇಳುತ್ತಾರೆ. ಆಮೇಲೆ ತುಂಬಾ ಹೊತ್ತು ಸರಾಸರಿ ತೆಗೆಯುತ್ತಾ ಕೂರಬೇಕು.

ಸಿಗುವ ಗ್ರಾಫ್‌ನಲ್ಲಿ ಎರಡು ಗುರುತುಗಳಿರುತ್ತವೆ. ವೋಲ್ಟೇಜ್ ಕಡಿಮೆ ಇದ್ದಾಗ ಗೆರೆ ಚಪ್ಪಟೆ, ಅಲ್ಲಿ ಥರ್ಮಲ್ ನಾಯ್ಸ್‌ನದೇ ರಾಜ್ಯಭಾರ. ಮುಂದೆ ಬಾಗಿ ನೇರವಾಗಿ ಏರುತ್ತದೆ. ಏರಿನ ಇಳಿಜಾರು ಚಾರ್ಜನ್ನು ಕೊಡುತ್ತದೆ. ಬಾಗುವ ಜಾಗವೂ ಕೊಡುತ್ತದೆ, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. 20 ಮಿಲಿಕೆಲ್ವಿನ್‌ನಲ್ಲಿ ಪೂರ್ತಿ ಎಲೆಕ್ಟ್ರಾನ್ ಹಾರುತ್ತಿದ್ದರೆ ಗೆರೆ ಸುಮಾರು 3.4 ಮೈಕ್ರೋವೋಲ್ಟ್ ಹತ್ತಿರ ಬಾಗಬೇಕು, e/3 ಆದರೆ ಅದರ ಮೂರರಷ್ಟು, ಸುಮಾರು 10 ಮೈಕ್ರೋವೋಲ್ಟ್ ಹತ್ತಿರ. ಇಳಿಜಾರು ಮತ್ತು ಬಾಗು ಎರಡೂ ಒಂದೇ ಚಾರ್ಜ್ ಹೇಳಿದರೆ ಮಾತ್ರ ನಾನು ನಂಬುತ್ತೇನೆ.

ಈ ಹಟಕ್ಕೆ ಕಾರಣ ನನ್ನದೇ ಒಂದು ಪೆಟ್ಟು. ಒಮ್ಮೆ 1/3ರ ಮೆಟ್ಟಿಲಿನಲ್ಲಿ ನನಗೆ ಸಿಕ್ಕಿದ ಚಾರ್ಜ್ e ಯ 0.28. ಮೂರನೇ ಒಂದೂ ಅಲ್ಲ, ಕಾಲೂ ಅಲ್ಲ. ಎರಡು ದಿನ ಕಾಲು ನೆಲದ ಮೇಲಿರಲಿಲ್ಲ, ಹೊಸದೇನೋ ಸಿಕ್ಕಿತು ಅಂತ. ಮೂರನೇ ದಿನ ನೆನಪಾಯಿತು: ಹಿಂದಿನ ವಾರ ಒಳಗಿನ ಒಂದು ಕೇಬಲ್ ಬದಲಾಯಿಸಿದ್ದೆ. ಕೇಬಲ್ ಬದಲಾದರೆ ಕೆಪಾಸಿಟೆನ್ಸ್ ಬದಲಾಗುತ್ತದೆ, ಸರ್ಕ್ಯೂಟ್‌ನ ಶ್ರುತಿ ಸರಿಯುತ್ತದೆ. ನಾನು ಕೇಳುತ್ತಿದ್ದ ಆವರ್ತನದಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು) ಶೇಕಡ 8ರಷ್ಟು ಕಡಿಮೆಯಾಗಿತ್ತು. ನಾಯ್ಸ್ ಲೆಕ್ಕದಲ್ಲಿ ಗೇನ್‌ನ ವರ್ಗ ಬರುವುದರಿಂದ ಅದು ಶೇಕಡ 15 ಆಯಿತು. ಫ್ರಿಜ್ಜನ್ನು ಬೇರೆ ಬೇರೆ ತಾಪಮಾನಕ್ಕೆ ಏರಿಸಿ, ಥರ್ಮಲ್ ನಾಯ್ಸ್ ಹೇಗೆ ಏರುತ್ತದೆ ಎಂದು ನೋಡಿ ಗೇನನ್ನು ಮತ್ತೆ ಹಿಡಿದಾಗ ಉತ್ತರ 0.33ಕ್ಕೆ ಬಂದು ಕೂತಿತು. ಬಾಗಿನ ಜಾಗ ಮೊದಲಿನಿಂದಲೂ e/3 ಅಂತಲೇ ಹೇಳುತ್ತಿತ್ತು. ನಾನೇ ನೋಡಿರಲಿಲ್ಲ.

ಈಗ 5/2ಕ್ಕೆ ಬರೋಣ. 1987ರಲ್ಲಿ ಸಿಕ್ಕ ಈ ಮೆಟ್ಟಿಲು ಆಗ ಎಲ್ಲರನ್ನೂ ಗಲಿಬಿಲಿ ಮಾಡಿತ್ತು, ಅದುವರೆಗೆ ಕಂಡ ಭಿನ್ನಾಂಕಗಳ ಛೇದವೆಲ್ಲ ಬೆಸ ಸಂಖ್ಯೆ. 1991ರಲ್ಲಿ ಗ್ರೆಗರಿ ಮೂರ್ ಮತ್ತು ನಿಕೋಲಸ್ ರೀಡ್ ಒಂದು ಸ್ಥಿತಿಯನ್ನು ಸೂಚಿಸಿದರು, ಅದಕ್ಕೆ ಫಾಫಿಯನ್ ಎಂದು ಹೆಸರು. ಅದರ ತುಣುಕುಗಳು ನಾನ್-ಅಬೇಲಿಯನ್. ಅಂದರೆ ಒಂದನ್ನೊಂದು ಸುತ್ತಿಸಿ ಜಾಗ ಬದಲಿಸಿದರೆ ಇಡೀ ವ್ಯವಸ್ಥೆಯ ಸ್ಥಿತಿಯೇ ಬದಲಾಗುತ್ತದೆ, ಯಾವುದನ್ನು ಮೊದಲು ಸುತ್ತಿಸಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕ್ವಾಂಟಮ್ ಕಂಪ್ಯೂಟರ್ ಮಾಡುವವರು ಇದರ ಮೇಲೆ ಕಣ್ಣಿಟ್ಟಿರುವುದು ಅದಕ್ಕೇ. ಆಮೇಲೆ ಇನ್ನೂ ಅಭ್ಯರ್ಥಿಗಳು ಸೇರಿಕೊಂಡರು. 2007ರಲ್ಲಿ ಆಂಟಿ-ಫಾಫಿಯನ್ ಬಂತು. ಪಿಎಚ್-ಫಾಫಿಯನ್ (ಪಿಎಚ್ ಅಂದರೆ ಪಾರ್ಟಿಕಲ್-ಹೋಲ್) ಎಂಬುದು 2015ರಲ್ಲಿ ಡಾಮ್ ತಾನ್ ಸೋನ್ ಅವರ ಸಿದ್ಧಾಂತದ ನಂತರ ಮುನ್ನೆಲೆಗೆ ಬಂತು. ನಾನ್-ಅಬೇಲಿಯನ್ ಅಲ್ಲದವೂ ಪಟ್ಟಿಯಲ್ಲಿವೆ.

2008ರಲ್ಲಿ ವೈಜ್‌ಮನ್ ತಂಡ ಶಾಟ್ ನಾಯ್ಸ್‌ನಿಂದ 5/2ರಲ್ಲಿ e/4 ಅಳೆಯಿತು. ದೊಡ್ಡ ಸುದ್ದಿಯೇ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಇವತ್ತಿಗೂ ಓಡಾಡುತ್ತಿದೆ: e/4 ಸಿಕ್ಕಿತು, ಹಾಗಾಗಿ ನಾನ್-ಅಬೇಲಿಯನ್ ಅಂತ. ಹಾಗಲ್ಲ. ಮೇಲೆ ಹೇಳಿದ ಅಭ್ಯರ್ಥಿಗಳೆಲ್ಲರ ತುಣುಕೂ e/4 ಚಾರ್ಜಿನದೇ, ನಾನ್-ಅಬೇಲಿಯನ್ ಅಲ್ಲದವುಗಳದ್ದೂ ಸಹ. e/4 ಹೇಳುವುದು ಎಲೆಕ್ಟ್ರಾನ್‌ಗಳು ಜೋಡಿ ಕಟ್ಟಿಕೊಂಡಿರಬೇಕು ಅಂತ, ಅಷ್ಟೇ. ಯಾವ ಬಗೆಯ ಜೋಡಿ ಅಂತ ಹೇಳುವುದಿಲ್ಲ.

ಶಾಟ್ ನಾಯ್ಸ್‌ಗೆ ಬೇರೆ ಕೊಂಕುಗಳೂ ಇವೆ. ಗೇಟನ್ನು ತುಂಬಾ ಬಿಗಿ ಮಾಡಿ ಹಾದಿ ಮುಚ್ಚಿಹೋಗುವಂತಾದರೆ, 1/3ರಲ್ಲೂ ಹಾರುವುದು ಪೂರ್ತಿ ಎಲೆಕ್ಟ್ರಾನೇ, ಏಕೆಂದರೆ ನಡುವೆ ಆ ವಿಶೇಷ ದ್ರವವೇ ಉಳಿದಿರುವುದಿಲ್ಲ. 2/5ರಲ್ಲಿ 82 ಮಿಲಿಕೆಲ್ವಿನ್‌ನಲ್ಲಿ e/5 ತೋರಿಸಿದ ಮಾದರಿ 9 ಮಿಲಿಕೆಲ್ವಿನ್‌ನಲ್ಲಿ 2e/5 ತೋರಿಸಿದ್ದುಂಟು, ತುಣುಕುಗಳು ಗುಂಪಾಗಿ ಹಾರಿದ ಹಾಗೆ. ಹಾಗಾಗಿ ‘ನಾಯ್ಸ್ ಅಳೆದೆವು, ಚಾರ್ಜ್ ಇಷ್ಟು’ ಅಂತ ಒಂದೇ ಬಿಂದು ತೋರಿಸುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಹಾಗಾದರೆ ಅಭ್ಯರ್ಥಿಗಳು ಬೇರೆಯಾಗುವುದು ಎಲ್ಲಿ? ಶಾಖದಲ್ಲಿ. 5/2ರ ಅಂಚಿನಲ್ಲಿ ಎರಡು ಸಾಮಾನ್ಯ ಹಾದಿಗಳಿವೆ, ಅವುಗಳ ಜೊತೆ ಚಾರ್ಜ್ ಹೊರುವ ಒಂದು ‘ಅರ್ಧ’ದ ಹಾದಿ. ಶಾಖದ ಲೆಕ್ಕದಲ್ಲಿ ಈ ಮೂರೂ ತಲಾ ಒಂದು ಘಟಕ. ಇವುಗಳ ಜೊತೆಗೆ ಚಾರ್ಜೇ ಇಲ್ಲದ ಮಯೋರಾನಾ ಹಾದಿಗಳಿರುತ್ತವೆ, ಒಂದೊಂದೂ ಅರ್ಧ ಘಟಕ. ಫಾಫಿಯನ್‌ನಲ್ಲಿ ಅಂಥದ್ದು ಒಂದು, ಹೊಳೆಯ (ಅಂದರೆ ಚಾರ್ಜಿನ ಹರಿವಿನ) ದಿಕ್ಕಿನಲ್ಲೇ ಹರಿಯುತ್ತದೆ. ಪಿಎಚ್-ಫಾಫಿಯನ್‌ನಲ್ಲೂ ಒಂದು, ಆದರೆ ಹೊಳೆಗೆ ಎದುರಾಗಿ. ಆಂಟಿ-ಫಾಫಿಯನ್‌ನಲ್ಲಿ ಮೂರು, ಮೂರೂ ಎದುರಾಗಿ. ಒಟ್ಟು ಮಾಡಿದರೆ ಶಾಖವಾಹಕತೆ ಕ್ರಮವಾಗಿ 3.5, 2.5, 1.5 ಘಟಕ. ನಾನ್-ಅಬೇಲಿಯನ್ ಅಲ್ಲದವಕ್ಕೆ ಪೂರ್ಣಾಂಕವೇ ಬರಬೇಕು. ಈ ಘಟಕದ ಬೆಲೆ, ತಾಪಮಾನವನ್ನು ಹೊರಗಿಟ್ಟು ಹೇಳುವುದಾದರೆ, ಸುಮಾರು 9.46 × 10⁻¹³ ವ್ಯಾಟ್ ಪ್ರತಿ ಕೆಲ್ವಿನ್‌ವರ್ಗ. ಯಾವ ವಸ್ತುವಿನದೂ ಹಂಗಿಲ್ಲದ ಸ್ಥಿರಾಂಕ ಅದು.

ಶಾಖವನ್ನು ಅಳೆಯುವುದೂ ನಾಯ್ಸ್‌ನಿಂದಲೇ. ಮಾದರಿಯ ನಡುವೆ ಲೋಹದ ಒಂದು ಪುಟ್ಟ ದ್ವೀಪ ಇಡುತ್ತಾರೆ. ಗೊತ್ತಿರುವಷ್ಟು ಪವರ್ ಕೊಟ್ಟು ಅದನ್ನು ಬಿಸಿ ಮಾಡುತ್ತಾರೆ. ಶಾಖ ಹೊರಗೆ ಹೋಗಲು ಅಂಚಿನ ಹಾದಿಗಳೇ ದಾರಿ. ದ್ವೀಪ ಎಷ್ಟು ಬಿಸಿಯಾಯಿತು ಅಂತ ನೋಡಲು ಯಾವ ಥರ್ಮಾಮೀಟರನ್ನೂ ಅದಕ್ಕೆ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಶಾಖ ಅದರ ಮೂಲಕವೇ ಸೋರಿಹೋಗುತ್ತದೆ. ಅದರಿಂದ ಹೊರಡುವ ಥರ್ಮಲ್ ನಾಯ್ಸ್ ಕೇಳಿಯೇ ತಾಪಮಾನ ತಿಳಿಯಬೇಕು. ದ್ವೀಪ 30 ಮಿಲಿಕೆಲ್ವಿನ್, ಸುತ್ತಮುತ್ತ 10 ಮಿಲಿಕೆಲ್ವಿನ್ ಇದ್ದರೆ ಒಂದು ಹಾದಿ ಹೊತ್ತೊಯ್ಯುವ ಶಾಖ ಸುಮಾರು 0.4 ಫೆಮ್ಟೋವ್ಯಾಟ್. ಇಷ್ಟನ್ನು ಅಳೆದು 2018ರಲ್ಲಿ ಮಿತಾಲಿ ಬ್ಯಾನರ್ಜಿ, ಹೈಬ್ಲಮ್ ಮತ್ತು ಸಂಗಡಿಗರು ಕೊಟ್ಟ ಉತ್ತರ ಸುಮಾರು 2.5. ಅಂದರೆ ಪಿಎಚ್-ಫಾಫಿಯನ್.

ಎಲ್ಲರೂ ಒಪ್ಪಲಿಲ್ಲ. ಕಂಪ್ಯೂಟರ್ ಲೆಕ್ಕಗಳು ಆವರೆಗೆ ಫಾಫಿಯನ್ ಅಥವಾ ಆಂಟಿ-ಫಾಫಿಯನ್ ಕಡೆಗೇ ವಾಲುತ್ತಿದ್ದವು. ಮೇಲಾಗಿ ಒಂದು ಗಟ್ಟಿ ತಕರಾರು ಬಂತು: ಎದುರುಬದುರು ಹರಿಯುವ ಹಾದಿಗಳು ತಮ್ಮೊಳಗೆ ಶಾಖವನ್ನು ಪೂರ್ತಿ ಹಂಚಿಕೊಂಡರೆ ಮಾತ್ರ 1.5 ಬರುತ್ತದೆ. ಹಂಚಿಕೆ ಅರ್ಧಕ್ಕೇ ನಿಂತಿದ್ದರೆ ಆಂಟಿ-ಫಾಫಿಯನ್ ಕೂಡ 2.5ರ ವೇಷ ಹಾಕಬಹುದು. ಒಂದು ಸಂಖ್ಯೆಯ ಮೇಲೆ ನಿಂತ ವಾದಕ್ಕೆ ಇದೇ ಅಪಾಯ.

2022ರಲ್ಲಿ ಬಿವಾಸ್ ದತ್ತ ಮತ್ತು ವೈಜ್‌ಮನ್ ತಂಡದವರು ಮಾಡಿದ ಪ್ರಯೋಗ ನನಗೆ ಇಷ್ಟವಾಗುವುದು ಅದಕ್ಕೇ. ಅಲ್ಲಿ ಸಂಖ್ಯೆ ಬೇಕಿಲ್ಲ. ನಾಯ್ಸ್ ಇದೆಯೋ ಇಲ್ಲವೋ ಅಂತ ಕೇಳಿದರೆ ಸಾಕು. ಅವರು 5/2ರ ಅಂಚನ್ನು ಬರಿದಾದ ಜಾಗದ ಪಕ್ಕ ಇಡಲಿಲ್ಲ. ಗೇಟ್‌ಗಳಿಂದ ಪಕ್ಕದಲ್ಲೇ ಒಮ್ಮೆ 2ರ ಸ್ಥಿತಿ ಮಾಡಿದರು, ಇನ್ನೊಮ್ಮೆ 3ರ ಸ್ಥಿತಿ. ಪಕ್ಕದವರ ಹಾದಿಗಳು ಗಡಿಯಲ್ಲಿ ಎದುರು ದಿಕ್ಕಿಗೆ ಹರಿಯುತ್ತವೆ, ಹಾಗಾಗಿ ಸಾಮಾನ್ಯ ಹಾದಿಗಳು ಕಳೆದುಹೋಗಿ ಗಡಿಯಲ್ಲಿ ಉಳಿಯುವುದು ಕುತೂಹಲದವು ಮಾತ್ರ.

ಲೆಕ್ಕ ಹಾಕಿ ನೋಡಿ, ನಿಮಗೇ ಆಗುತ್ತದೆ. 2ರ ಗಡಿಯಲ್ಲಿ ಉಳಿಯುವ ಶಾಖದ ಮೊತ್ತ: ಫಾಫಿಯನ್‌ಗೆ 1.5, ಪಿಎಚ್-ಫಾಫಿಯನ್‌ಗೆ 0.5, ಆಂಟಿ-ಫಾಫಿಯನ್‌ಗೆ −0.5. ಚಾರ್ಜಿನ ಅರ್ಧದ ಹಾದಿ +1. ಅಂದರೆ ಫಾಫಿಯನ್‌ನಲ್ಲಿ ಉಳಿದ +0.5 ಚಾರ್ಜಿನ ಜೊತೆಗೇ ಹರಿಯುತ್ತದೆ. ಉಳಿದೆರಡರಲ್ಲಿ −0.5, −1.5. ಅವು ಚಾರ್ಜಿಗೆ ಎದುರು. ಈಗ 3ರ ಗಡಿ. ಅಲ್ಲಿ ಚಾರ್ಜಿನ ಹಾದಿಯೇ ತಿರುಗಿಬೀಳುತ್ತದೆ, ಅದರ ಪಾಲು −1. ಮೊತ್ತಗಳು 0.5, −0.5, −1.5. ಚಾರ್ಜಿನ −1 ಕಳೆದರೆ ಮಯೋರಾನಾಗಳ ಪಾಲು +1.5, +0.5, −0.5. ಈ ಸಲ ಆಂಟಿ-ಫಾಫಿಯನ್‌ನಲ್ಲಿ ಮಾತ್ರ ಎರಡೂ ಒಂದೇ ದಿಕ್ಕು, ಮಿಕ್ಕೆರಡರಲ್ಲಿ ಎದುರುಬದುರು. ಫಾಫಿಯನ್ ಮತ್ತು ಆಂಟಿ-ಫಾಫಿಯನ್ ಒಂದಕ್ಕೊಂದು ಕನ್ನಡಿಯ ಬಿಂಬ. ಪಿಎಚ್-ಫಾಫಿಯನ್ ತನಗೆ ತಾನೇ ಬಿಂಬ. ಹಾಗಾಗಿ ಮೂವರಲ್ಲಿ ಎರಡೂ ಗಡಿಗಳಲ್ಲಿ ಎದುರು ಹರಿವು ತೋರಿಸುವುದು ಅದೊಂದೇ.

ಎದುರು ಹರಿವನ್ನು ಕೇಳುವುದು ಹೇಗೆ? ಮಯೋರಾನಾ ಹಾದಿಯಲ್ಲಿ ಚಾರ್ಜ್ ಇಲ್ಲ, ಕರೆಂಟ್ ಮೀಟರ್ ಮಿಸುಕುವುದಿಲ್ಲ. ಆದರೆ ಅದು ಶಾಖ ಹೊರುತ್ತದೆ. ಕರೆಂಟ್ ಬಿಡುವ ಕಾಂಟ್ಯಾಕ್ಟ್ ಹತ್ತಿರ ಒಂದು ಬಿಸಿ ಚುಕ್ಕೆ ಹುಟ್ಟುತ್ತದೆ. ಆ ಬಿಸಿ ಹೊಳೆಗೆ ಎದುರಾಗಿ ಸಾಗಿ, ಮೇಲ್ಗಡೆಯ ಇನ್ನೊಂದು ಕಾಂಟ್ಯಾಕ್ಟ್ ಬಳಿ ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಜೋಡಿಗಳನ್ನು ಎಬ್ಬಿಸುತ್ತದೆ. ಜೋಡಿಯಲ್ಲಿ ಒಂದು ಕಾಂಟ್ಯಾಕ್ಟ್ ಒಳಗೆ ಹೋಗುತ್ತದೆ, ಇನ್ನೊಂದು ಹೊಳೆಯ ಜೊತೆ ಕೊಚ್ಚಿಹೋಗುತ್ತದೆ. ಯಾವುದು ಎಲ್ಲಿಗೆ ಅನ್ನುವುದು ಅದೃಷ್ಟ. ಸರಾಸರಿ ಕರೆಂಟ್ ಸೊನ್ನೆ, ನಾಯ್ಸ್ ಮಾತ್ರ ಸೊನ್ನೆಯಲ್ಲ. ಕರೆಂಟೇ ಬಾರದ ಜಾಗದಲ್ಲಿ ನಾಯ್ಸ್ ಕೇಳಿಸಿದರೆ ಎದುರು ಹಾದಿ ಇದೆ ಎಂದರ್ಥ. ಇದೇ ಜಾತಿಯ ಉಪಾಯದಿಂದ 2010ರಲ್ಲೇ 2/3ರ ಅಂಚಿನಲ್ಲಿ ಚಾರ್ಜಿಲ್ಲದ ಎದುರು ಹಾದಿಯನ್ನು ಹಿಡಿದಿದ್ದರು.

5/2ರಲ್ಲಿ ನಾಯ್ಸ್ ಎರಡೂ ಗಡಿಗಳಲ್ಲಿ ಕೇಳಿಸಿತು. ಗಡಿಯ ಉದ್ದವನ್ನು ಬೇಕಂತಲೇ ಚಿಕ್ಕದಾಗಿ ಇಟ್ಟಿದ್ದರು, ಬಿಸಿ ದಾರಿಯಲ್ಲೇ ಹಂಚಿಹೋಗಿ ಸದ್ದು ಅಡಗಬಾರದು ಅಂತ. ಇಲ್ಲಿ ಅರ್ಧಂಬರ್ಧ ಹಂಚಿಕೆಯ ತಕರಾರು ಮೊದಲಿನಷ್ಟು ನಾಟುವುದಿಲ್ಲ. ಹಂಚಿಕೆ ಎಷ್ಟೇ ಆಗಿರಲಿ, ಹಾದಿಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಬಿಸಿ ಎದುರಾಗಿ ಹತ್ತಲು ಜಾಗವೇ ಇಲ್ಲವಲ್ಲ.

ಹಾಗಾದರೆ ಪ್ರಶ್ನೆ ಮುಗಿಯಿತಾ? ನನ್ನ ಮಟ್ಟಿಗೆ, ಅಳೆದ ಗ್ಯಾಲಿಯಂ ಆರ್ಸೆನೈಡ್ ಮಾದರಿಗಳ ಅಂಚು ಪಿಎಚ್-ಫಾಫಿಯನ್ ತರಹ ನಡೆದುಕೊಳ್ಳುತ್ತದೆ ಅನ್ನುವುದು ಗಟ್ಟಿ. ಕೊಳೆ ಇಲ್ಲದ ಆದರ್ಶ ಪದರದ ಲೆಕ್ಕದಲ್ಲಿ ಅದು ಗೆಲ್ಲದೆ ಇಲ್ಲಿ ಹೇಗೆ ಗೆದ್ದಿತು ಅನ್ನುವುದು ಬಗೆಹರಿದಿಲ್ಲ. ಮಾದರಿಯ ಏರುಪೇರುಗಳು ಅದಕ್ಕೆ ಬಲ ಕೊಟ್ಟಿರಬಹುದು ಎನ್ನುವ ವಾದವಿದೆ. ಇನ್ನೊಂದು ಮಾತು. ಇವೆಲ್ಲ ಹಾದಿಗಳನ್ನು ಎಣಿಸಿದ ಸಾಕ್ಷ್ಯ. ತುಣುಕುಗಳನ್ನು ನಿಜವಾಗಿ ಒಂದರ ಸುತ್ತ ಒಂದು ಸುತ್ತಿಸಿ ನೋಡಿದ್ದಲ್ಲ. ಆ ದಿಕ್ಕಿನಲ್ಲೂ ನಾಯ್ಸ್ ಕೆಲಸಕ್ಕೆ ಬಂದಿದೆ: 2020ರಲ್ಲಿ ಪ್ಯಾರಿಸ್‌ನ ಒಂದು ತಂಡ 1/3ರ ತುಣುಕುಗಳ ಎರಡು ಧಾರೆಗಳನ್ನು ಇಕ್ಕಟ್ಟಿನಲ್ಲಿ ಎದುರಾಗಿಸಿ, ಎರಡು ಹೊರದಾರಿಗಳ ಕರೆಂಟ್ ಒಟ್ಟಿಗೆ ಹೇಗೆ ಏರಿಳಿಯುತ್ತದೆ ಎಂದು ನೋಡಿ, ಅವು ಕಣಗಳ ಎರಡು ಮಾಮೂಲಿ ಜಾತಿಗಳಾದ ಫರ್ಮಿಯಾನೂ ಅಲ್ಲ ಬೋಸಾನೂ ಅಲ್ಲ ಎಂದು ತೋರಿಸಿತು. ಅದು ಸುಲಭದ 1/3. 5/2ರಲ್ಲಿ ಅದನ್ನು ಮಾಡುವುದು ಬೇರೆಯೇ ಕಷ್ಟ.

ನಿಮ್ಮ ಲ್ಯಾಬ್‌ನಲ್ಲಿ ಫ್ರಿಜ್ ಇರಲಿಕ್ಕಿಲ್ಲ, ಪರವಾಗಿಲ್ಲ. 10 ಕಿಲೋಓಮ್ ರೆಸಿಸ್ಟರ್ ತಗೊಳ್ಳಿ. ಕೋಣೆಯ ತಾಪಮಾನದಲ್ಲಿ ಅದರ ಥರ್ಮಲ್ ನಾಯ್ಸ್ ಒಂದು ಹರ್ಟ್ಸ್ ಪಟ್ಟಿಗೆ ಸುಮಾರು 13 ನ್ಯಾನೋವೋಲ್ಟ್. ಸಾವಿರ ಪಟ್ಟು ಹಿಗ್ಗಿಸಿ, 10 ಕಿಲೋಹರ್ಟ್ಸ್ ಅಗಲದ ಪಟ್ಟಿಯಲ್ಲಿ ನೋಡಿದರೆ 1.3 ಮಿಲಿವೋಲ್ಟ್ ಆಗುತ್ತದೆ, ಸಾಮಾನ್ಯ ಮೀಟರಿಗೂ ಕಾಣುತ್ತದೆ. ಇನ್‌ಪುಟ್ ಶಾರ್ಟ್ ಮಾಡಿ ಆಂಪ್ಲಿಫೈಯರ್‌ನ ಸ್ವಂತ ಸದ್ದನ್ನು ಮೊದಲು ಅಳೆದಿಟ್ಟುಕೊಳ್ಳಿ. ಕಳೆಯುವಾಗ ವೋಲ್ಟೇಜ್ ಕಳೆಯಬೇಡಿ, ವೋಲ್ಟೇಜ್‌ನ ವರ್ಗ ಕಳೆಯಿರಿ. ಎರಡು ಮೂರು ಬೇರೆ ರೆಸಿಸ್ಟರ್‌ಗಳಲ್ಲಿ ಮಾಡಿ ಇಳಿಜಾರು ತೆಗೆದರೆ ಬೋಲ್ಟ್ಸ್‌ಮನ್ ಸ್ಥಿರಾಂಕ ಬರಬೇಕು. ಬರದಿದ್ದರೆ ಮೊದಲು ಕೇಬಲ್ ನೋಡಿ.